ಈಡಿಪಸ್ ಹಿಂದೆ ಸಿತಾರ್ ಬೇಡ, ತಂಬೂರಿ ಇರಲಿ

ಪ್ರಶ್ನೆ: ನಮ್ಮ ಕಾಲೇಜು ತಂಡದಿಂದ ಈ ವರ್ಷ ಸೋಫೋಕ್ಲಿಸ್ ಬರೆದ ಗ್ರೀಕ್ ದುರಂತ ನಾಟಕ ಈಡಿಪಸ್ ಮಾಡ್ತಾ ಇದ್ದೇವೆ. ಸಂಗೀತ ನೋಡಿಕೊಳ್ಳುವ ಗೆಳೆಯ ಡೋರ್ಸ್ ಬ್ಯಾಂಡಿನ ‘ದಿ ಎಂಡ್’ ಹಾಡು ಕೇಳಿಸಿ, “ಇದರಲ್ಲಿ ಈಡಿಪಸ್ ಕಥೆಯೂ ಇದೆ, ನಮ್ಮ ಸಂಗೀತವೂ ಇದೆ, ನಾವೂ ಹಿನ್ನೆಲೆಗೆ ಸಿತಾರ್ ಹಾಕೋಣ” ಅಂತಾನೆ. ಆ ಕಾಲದ ರಾಕ್‌ನವರಿಗೆ ನಮ್ಮ ಸಂಗೀತದ ಹುಚ್ಚು ಹಿಡಿದದ್ದು ಹೇಗೆ? ಅವರು ನಿಜವಾಗಿ ತಗೊಂಡದ್ದು ಏನು? ಡೋರ್ಸ್ ಹಾಡುಗಾರ ಜಿಮ್ ಮಾರಿಸನ್ ದುರಂತ ನಾಯಕ ಅಂತಾರಲ್ಲ, ಅದು ಸರಿನಾ? ನಮ್ಮ ನಾಟಕಕ್ಕೆ ಸಿತಾರ್ ಹಾಕಬಹುದಾ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲೇ ಉತ್ತರ ಹೇಳಿಬಿಡುತ್ತೇನೆ. ಸಿತಾರ್ ಬೇಡ. ತಂಬೂರಿ ಇರಲಿ. ಯಾಕೆ ಅಂತ ಹೇಳೋಕೆ ಸ್ವಲ್ಪ ಸುತ್ತು ಹಾಕಬೇಕು. ಲಂಡನ್ನಿಗೂ ಹೋಗಬೇಕು, ಜಮಖಂಡಿ ಕಡೆಗೂ ಹೋಗಬೇಕು.

1965ರ ಏಪ್ರಿಲ್. ಇಂಗ್ಲೆಂಡಿನ ರಾಕ್ ಬ್ಯಾಂಡ್ ಬೀಟಲ್ಸ್‌ನವರು ‘ಹೆಲ್ಪ್!’ ಸಿನಿಮಾದ ಶೂಟಿಂಗಿನಲ್ಲಿದ್ದರು. ಭಾರತೀಯ ಹೋಟೆಲಿನ ಒಂದು ದೃಶ್ಯಕ್ಕೆ ಕೆಲವು ವಾದ್ಯಗಾರರನ್ನು ಕರೆಸಿದ್ದರು. ಅಲ್ಲಿದ್ದ ಸಿತಾರನ್ನು ಬ್ಯಾಂಡಿನ ಗಿಟಾರ್ ವಾದಕ ಜಾರ್ಜ್ ಹ್ಯಾರಿಸನ್ ಸುಮ್ನೆ ಎತ್ತಿಕೊಂಡು ನೋಡಿದ. ನೋಡಿದವನಿಗೆ ಅದು ಬಿಡಲಿಲ್ಲ. ಆಮೇಲೆ ಆಕ್ಸ್‌ಫರ್ಡ್ ಸ್ಟ್ರೀಟಿನ ಇಂಡಿಯಾಕ್ರಾಫ್ಟ್ ಎಂಬ ಅಂಗಡಿಯಿಂದ ತಾನೇ ಒಂದು ಸಿತಾರ್ ಕೊಂಡು ತಂದ. ಕರಕುಶಲ ವಸ್ತು ಮಾರುವ ಅಂಗಡಿ ಅದು, ಸಿತಾರೂ ಅಗ್ಗದ್ದೇ. ಅಕ್ಟೋಬರಿನಲ್ಲಿ ಬ್ಯಾಂಡಿನ ‘ನಾರ್ವೇಜಿಯನ್ ವುಡ್’ ಹಾಡಿನ ರೆಕಾರ್ಡಿಂಗ್ ಆಗುವಾಗ ಅದರ ತಂತಿ ಕಿತ್ತುಹೋಯಿತು. ಸಿತಾರಿನ ತಂತಿ ಲಂಡನ್ನಿನಲ್ಲಿ ಯಾರ ಹತ್ತಿರ ಇರುತ್ತದೆ? ಅಲ್ಲಿ ಇಲ್ಲಿ ವಿಚಾರಿಸಿ ಕೊನೆಗೆ ಫಿಂಚ್ಲಿಯ ಒಂದು ಮನೆಗೆ ಫೋನ್ ಹೋಯಿತು. ಆ ಮನೆಯಲ್ಲಿ ತಂತಿ ಇತ್ತು. ತಂತಿ ಕೊಡೋಕೆ ಅಂತ ಇಡೀ ಮನೆಯವರೇ ಸ್ಟುಡಿಯೋಗೆ ಹೊರಟು ಬಂದರು.

ಆ ಮನೆಯ ಯಜಮಾನರ ಹೆಸರು ಅಯನ ಅಂಗಡಿ. ಅಡ್ಡಹೆಸರು ಕೇಳಿದರೇ ಗೊತ್ತಾಗುತ್ತದಲ್ವಾ, ನಮ್ಮ ಉತ್ತರ ಕರ್ನಾಟಕದವರು. 1903ರಲ್ಲಿ ಆಗಿನ ಬಿಜಾಪುರ ಜಿಲ್ಲೆಯ ಜಕನೂರಿನಲ್ಲಿ ಹುಟ್ಟಿದವರು. ಐ.ಸಿ.ಎಸ್. ಪರೀಕ್ಷೆ ಬರೆಯಲು 1920ರ ದಶಕದಲ್ಲಿ ಲಂಡನ್ನಿಗೆ ಹೋದರು. ಕಲೆಕ್ಟರ್ ಆಗೋದು ಬಿಟ್ಟು ಎಡಪಂಥದ ರಾಜಕೀಯಕ್ಕೆ ಬಿದ್ದರು, ಬ್ರಿಟಿಷ್ ಆಳ್ವಿಕೆಯ ವಿರುದ್ಧ ಬರೆದರು, ಭಾಷಣ ಮಾಡಿದರು. ಪೆಟ್ರೀಷಿಯಾ ಎಂಬ ಕಲಾವಿದೆಯನ್ನು ಮದುವೆಯಾದರು. 1946ರಲ್ಲಿ ಗಂಡ ಹೆಂಡತಿ ಸೇರಿ ಏಷಿಯನ್ ಮ್ಯೂಸಿಕ್ ಸರ್ಕಲ್ ಶುರುಮಾಡಿದರು. ಪಿಟೀಲು ವಾದಕ ಯೆಹೂದಿ ಮೆನೂಹಿನ್ ಮುಂದೆ ಅದರ ಅಧ್ಯಕ್ಷರಾದರು. ಬ್ರಿಟನ್ನಿನಲ್ಲಿ ನಮ್ಮ ಸಂಗೀತಕ್ಕೆ ವೇದಿಕೆ ಹಾಕಿಕೊಟ್ಟವರಲ್ಲಿ ಈ ದಂಪತಿ ಮೊದಲಿಗರು. ಮುಂದೆ ಬೀಟಲ್ಸ್ ಹಾಡುಗಳಿಗೆ ತಬಲಾ, ತಂಬೂರಿ, ದಿಲ್‌ರುಬಾ ನುಡಿಸಲು ಜನ ಬಂದದ್ದು ಈ ಸಂಸ್ಥೆಯ ಮೂಲಕವೇ. 1966ರ ಜೂನಿನಲ್ಲಿ ಹ್ಯಾರಿಸನ್ ಮೊದಲ ಸಲ ಸಿತಾರ್ ವಾದಕ ರವಿಶಂಕರ್ ಅವರನ್ನು ಭೇಟಿ ಮಾಡಿದ್ದೂ ಫಿಂಚ್ಲಿಯ ಅದೇ ಮನೆಯಲ್ಲಿ. ರಾಕ್ ಇತಿಹಾಸದ ಪುಸ್ತಕಗಳಲ್ಲಿ ಅಂಗಡಿಯವರಿಗೆ ಸಿಗೋದು ಒಂದೆರಡು ಸಾಲು. ನಮ್ಮ ಪುಸ್ತಕಗಳಲ್ಲಿ ಅದೂ ಕಷ್ಟ.

ಇರಲಿ, ತಂತಿ ಸಿಕ್ಕಿತು, ಹಾಡು ಮುಗಿಯಿತು, 1965ರ ಡಿಸೆಂಬರಿನಲ್ಲಿ ಬಂತು. ಈಗ ಆ ಹಾಡನ್ನು ಇನ್ನೊಂದು ಸಲ ಕೇಳಿ. ಸಿತಾರ್ ಅಲ್ಲಿ ಏನು ಮಾಡುತ್ತಿದೆ? ಗಿಟಾರ್ ಹೇಳಿದ್ದನ್ನೇ ಹೇಳುತ್ತಿದೆ, ಅಷ್ಟೆ. ಟ್ಯೂನ್ ಬಹುಪಾಲು ನಮ್ಮ ಹರಿಕಾಂಭೋಜಿ ರಾಗದ ಸ್ವರಗಳಲ್ಲಿದೆ ನಿಜ, ಆದರೆ ಆ ಸ್ವರಗಳು ಅವರ ಜಾನಪದ ಹಾಡುಗಳಲ್ಲೂ ಮೊದಲಿಂದ ಇದ್ದವು. ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರೋದು) ಇಲ್ಲ, ಗಮಕ ಇಲ್ಲ, ಆಲಾಪ ಇಲ್ಲ. ಒಗ್ಗರಣೆಗೆ ಇಂಗು ಹಾಕಿದ ಹಾಗೆ, ವಾಸನೆ ಘಮ್ ಅಂತ ಬಂತು, ಅಡುಗೆ ಅದೇ. 1966ರಲ್ಲಿ ರೋಲಿಂಗ್ ಸ್ಟೋನ್ಸ್‌ನ ಬ್ರಯನ್ ಜೋನ್ಸ್ ‘ಪೇಂಟ್ ಇಟ್ ಬ್ಲ್ಯಾಕ್’ ಹಾಡಿಗೆ ಸಿತಾರ್ ನುಡಿಸಿದ. ಹಾಡು ಚೆನ್ನಾಗಿದೆ, ನನಗೂ ಇಷ್ಟ. ಸಿತಾರಿನ ವಿಷಯಕ್ಕೆ ಬಂದರೆ ಅದೂ ಇಂಗೇ. ಆಮೇಲೆ ಒಂದೆರಡು ವರ್ಷ ಸಿತಾರ್ ಹಾಕದ ಬ್ಯಾಂಡೇ ಇಲ್ಲ ಅನ್ನೋ ಹಾಗಾಯಿತು. ಆ ಹಾಡುಗಳಲ್ಲಿ ಬಹಳಷ್ಟು ಇವತ್ತು ಕೇಳಿದರೆ ನಗು ಬರುತ್ತದೆ.

ಹ್ಯಾರಿಸನ್ ಮಾತ್ರ ಅಲ್ಲಿಗೆ ನಿಲ್ಲಲಿಲ್ಲ. ರವಿಶಂಕರ್ ಅವರೇ ಅವನ ಮನೆಗೆ ಬಂದು ಪಾಠ ಶುರುಮಾಡಿದರು. ಪಾಠದ ಮಧ್ಯೆ ಫೋನ್ ಬಂತು. ಇವನು ಸಿತಾರನ್ನು ಕೆಳಗಿಟ್ಟು, ಅದನ್ನು ದಾಟಿಕೊಂಡು ಫೋನ್ ಎತ್ತಲು ಹೊರಟ. ರವಿಶಂಕರ್ ಅವನ ಕಾಲಿಗೆ ಪಟ್ ಅಂತ ಒಂದು ಕೊಟ್ಟರು. ವಾದ್ಯಕ್ಕೆ ಮರ್ಯಾದೆ ಕೊಡೋದು ಮೊದಲು ಕಲಿ ಅಂದರು. ಇದನ್ನು ಹ್ಯಾರಿಸನ್ನೇ ಮುಂದೆ ಹೇಳಿಕೊಂಡಿದ್ದಾನೆ. ನಮ್ಮ ಮನೆಗಳಲ್ಲಿ ವೀಣೆ, ಹಾರ್ಮೋನಿಯಂ ಇದ್ದವರಿಗೆಲ್ಲ ಈ ಪೆಟ್ಟು ಚಿಕ್ಕಂದಿನಲ್ಲೇ ಬಿದ್ದಿರುತ್ತದೆ. ಜಗತ್ತೇ ತಲೆ ಮೇಲೆ ಹೊತ್ತುಕೊಂಡಿದ್ದ ಹುಡುಗನಿಗೆ ಅದು ಬಿದ್ದದ್ದು 23ನೇ ವಯಸ್ಸಿನಲ್ಲಿ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅವನು ಭಾರತಕ್ಕೆ ಬಂದು ಬೊಂಬಾಯಿಯಲ್ಲಿ, ಆಮೇಲೆ ಶ್ರೀನಗರದ ದೋಣಿಮನೆಯಲ್ಲಿ ಕೂತು ಕಲಿತ. ಮಾರನೆಯ ವರ್ಷ ಬಂದ ‘ವಿದಿನ್ ಯು ವಿದೌಟ್ ಯು’ ಹಾಡಿನಲ್ಲಿ ಪಾಠ ಎಷ್ಟು ಒಳಗೆ ಇಳಿದಿತ್ತು ಅಂತ ಗೊತ್ತಾಗುತ್ತದೆ. ಹಾಡಿನ ನಡುವೆ ಬರುವ ವಾದ್ಯದ ಭಾಗದಲ್ಲಿ ಹತ್ತು ಮಾತ್ರೆಯ ಝಪ್‌ತಾಲ್ ಇದೆ. ಹಾಡನ್ನು ದಿಲ್‌ರುಬಾ ಹಿಂಬಾಲಿಸುವ ರೀತಿ ಕೇಳಿ, ಪಕ್ಕವಾದ್ಯದ ಕೆಲಸ ಅದು. ಇದು ಇಂಗಲ್ಲ, ಅಡುಗೆಯೇ ಬೇರೆ.

ಈಗ ಅಸಲಿ ವಿಷಯಕ್ಕೆ ಬರೋಣ. ಅವರು ನಮ್ಮಿಂದ ತಗೊಂಡ ದೊಡ್ಡ ವಸ್ತು ಸಿತಾರ್ ಅಲ್ಲ, ಶ್ರುತಿ. ಹಿಂದೆ ಸದಾ ಮೊಳಗುವ ಒಂದೇ ಸ್ವರ.

ಪಾಶ್ಚಾತ್ಯ ಹಾಡಿನಲ್ಲಿ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು, ಅಂದರೆ ಕಾರ್ಡ್‌ಗಳು ಬದಲಾಗುತ್ತಾ ಹೋಗುತ್ತವೆ. ಮನೆಯಿಂದ ಹೊರಟು, ಎರಡು ಬೀದಿ ಸುತ್ತಿ, ಮತ್ತೆ ಮನೆಗೆ ಬಂದ ಹಾಗೆ. ವಾಪಸ್ ಬಂದಾಗಲೇ ಸಮಾಧಾನ. ನಮ್ಮಲ್ಲಿ ಹಾಗಲ್ಲ. ತಂಬೂರಿ ಪ ಸ ಸ ಸ ಅಂತ ಮೀಟುತ್ತಲೇ ಇರುತ್ತದೆ, ಹಾಡುಗಾರ ಎಲ್ಲಿಗೇ ಹೋಗಲಿ ಮನೆ ಅವನ ಕಾಲ ಕೆಳಗೇ ಇರುತ್ತದೆ. ಆ ಸದ್ದು ಬರೀ ಒಂದು ಸ್ವರವೂ ಅಲ್ಲ. ತಂತಿಗಳನ್ನು ಹೊತ್ತ ಪಟ್ಟಿಗೆ ಕುದುರೆ ಅಂತಾರೆ, ಅದರ ಮೇಲೆ, ತಂತಿಯ ಕೆಳಗೆ ಒಂದು ದಾರದ ಎಳೆ ಇಟ್ಟು ಸರಿಸಿ ಸರಿಸಿ ಜವಾರಿ ಹಿಡಿಯುತ್ತಾರೆ (ಜವಾರಿ ಕೋಳಿಯ ಜವಾರಿ ಅಲ್ಲ, ಇದು ಬೇರೆ). ಎಳೆ ಕೂದಲಿನಷ್ಟು ಆಚೆ ಈಚೆ ಆದರೂ ತಂಬೂರಿ ಮಂಕಾಗುತ್ತದೆ. ಸರಿಯಾದ ಜಾಗಕ್ಕೆ ಬಂತೋ, ಒಂದೇ ತಂತಿಯೊಳಗಿಂದ ಹತ್ತು ಸ್ವರ ಜೇನುಗೂಡಿನ ಹಾಗೆ ಗುಂಯ್‌ಗುಟ್ಟುತ್ತವೆ.

ಇದರ ರುಚಿ ರಾಕ್‌ಗೆ ಹತ್ತಿದ್ದು ಸಿತಾರಿಗಿಂತ ಮೊದಲೇ. ಕಿಂಕ್ಸ್ ಬ್ಯಾಂಡಿನ ರೇ ಡೇವಿಸ್ 1965ರ ಶುರುವಿನಲ್ಲಿ ಆಸ್ಟ್ರೇಲಿಯಾಕ್ಕೆ ಹೋಗುವಾಗ ಬೊಂಬಾಯಿಯಲ್ಲಿ ಇಳಿದಿದ್ದ. ಬೆಳಗಿನ ಹೊತ್ತು ಮೀನುಗಾರರು ಹಾಡಿಕೊಂಡು ಕೆಲಸಕ್ಕೆ ಹೋಗೋದು ಕಿವಿಗೆ ಬಿತ್ತು. ಅದೇ ಗುಂಗಿನಲ್ಲಿ ಅವನು ಮಾಡಿದ ‘ಸೀ ಮೈ ಫ್ರೆಂಡ್ಸ್’ ಆ ಜುಲೈನಲ್ಲಿ ಬಂತು. ಅದರಲ್ಲಿ ಸಿತಾರೇ ಇಲ್ಲ, ಗಿಟಾರೇ ಶ್ರುತಿ ಹಿಡಿದು ಮೊರೆಯುತ್ತದೆ. 1966ರ ಏಪ್ರಿಲ್‌ನಲ್ಲಿ ಬೀಟಲ್ಸ್ ರೆಕಾರ್ಡ್ ಮಾಡಿದ ‘ಟುಮಾರೊ ನೆವರ್ ನೋಸ್’ ಇನ್ನೂ ಮುಂದೆ ಹೋಯಿತು. ತಂಬೂರಿ ಇಟ್ಟು, ಹೆಚ್ಚುಕಮ್ಮಿ ಒಂದೇ ಕಾರ್ಡಿನ ಮೇಲೆ ಇಡೀ ಹಾಡು ಕಟ್ಟಿದರು. ಒಂದು ಕೆಲಸ ಮಾಡಿ. ಫೋನಿನಲ್ಲಿ ತಂಬೂರಿ ಆ್ಯಪ್ ಹಾಕಿ, ಬಿಳಿ ಒಂದಕ್ಕೆ (ಅವರ ಲೆಕ್ಕದಲ್ಲಿ ‘ಸಿ’) ಶ್ರುತಿ ಇಟ್ಟು, ಅದರ ಜೊತೆ ಈ ಹಾಡು ಕೇಳಿ. ಬೇಕಿದ್ದರೆ ಶ್ರುತಿ ಚೂರು ಆಚೀಚೆ ಮಾಡಿಕೊಳ್ಳಿ. ಎರಡೂ ಒಂದಕ್ಕೊಂದು ಸೇರಿಕೊಳ್ಳುವ ರೀತಿ ನೋಡಿದರೆ ನಾನು ಹೇಳೋದು ಅರ್ಥವಾಗುತ್ತದೆ. ಅಮೆರಿಕದಲ್ಲಿ ಇನ್ನೊಂದು ದಾರಿ ಇತ್ತು. ಸರೋದ್ ವಾದಕ ಅಲಿ ಅಕ್ಬರ್ ಖಾನ್ ಅವರ ರೆಕಾರ್ಡ್ ಕೇಳಿ ಬೆರಗಾದ ಸಂಗೀತ ಸಂಯೋಜಕ ಲಾ ಮಾಂಟ್ ಯಂಗ್ ಗಂಟೆಗಟ್ಟಲೆ ಒಂದೇ ಸ್ವರ ಹಿಡಿಯುವ ಸಂಗೀತ ಶುರುಮಾಡಿದ. ಅವನ ಗುಂಪಿನಲ್ಲಿದ್ದ ಜಾನ್ ಕೇಲ್ ಆ ಅಭ್ಯಾಸವನ್ನು ವೆಲ್ವೆಟ್ ಅಂಡರ್‌ಗ್ರೌಂಡ್ ಬ್ಯಾಂಡಿಗೆ ತಂದ. ಅವನ ವಯೋಲಾ (ಪಿಟೀಲಿಗಿಂತ ಸ್ವಲ್ಪ ದೊಡ್ಡ ವಾದ್ಯ) ಮೊಳಗೋದು ಕೇಳಿದರೆ ಭಾರತ ಯಾರ ನೆನಪಿಗೂ ಬರೋದಿಲ್ಲ, ಆದರೆ ಬೇರು ಇಲ್ಲೇ ಇದೆ.

ಇನ್ನು ನಿಮ್ಮ ಗೆಳೆಯನ ‘ದಿ ಎಂಡ್’. ಗಿಟಾರ್ ನುಡಿಸಿದ ರಾಬಿ ಕ್ರೀಗರ್ ಸಿತಾರ್, ಸರೋದ್ ಎರಡನ್ನೂ ಸ್ವಲ್ಪ ಕಲಿತಿದ್ದ. ಈ ಹಾಡಿಗೆ ಅವನು ಸಿತಾರ್ ಮುಟ್ಟಲಿಲ್ಲ, ಗಿಟಾರಿನ ತಂತಿಗಳನ್ನೇ ಬೇರೆ ರೀತಿ ಶ್ರುತಿ ಮಾಡಿಕೊಂಡು ಬಿಳಿ ಎರಡರ ಮೇಲೆ ನಿಂತ. ಹಾಡು ಮೊದಲು ಹುಡುಗಿಗೆ ವಿದಾಯ ಹೇಳುವ ಸಣ್ಣ ಪದ್ಯವಾಗಿತ್ತು. ಕ್ಲಬ್ಬುಗಳಲ್ಲಿ ರಾತ್ರಿ ರಾತ್ರಿ ನುಡಿಸುತ್ತಾ ಬೆಳೆಯಿತು. ಕಾರ್ಡ್ ಬದಲಾಗುವ ಗೊಡವೆ ಇಲ್ಲವಲ್ಲ, ಮಾರಿಸನ್ ಎಷ್ಟು ಹೊತ್ತು ಬೇಕಾದರೂ ಬಾಯಿಗೆ ಬಂದದ್ದು ಸೇರಿಸುತ್ತಾ ಹೋಗಬಹುದಿತ್ತು. 1966ರ ಆಗಸ್ಟಿನಲ್ಲಿ ಲಾಸ್ ಏಂಜಲೀಸಿನ ವಿಸ್ಕಿ ಎ ಗೋ ಗೋ ಕ್ಲಬ್ಬಿನಲ್ಲಿ ಈಡಿಪಸ್‌ನ ಭಾಗ ಸೇರಿಸಿ ಹಾಡಿದ, ತಂದೆಯನ್ನು ಕೊಲ್ಲುವ, ತಾಯಿಯನ್ನು ಬಯಸುವ ಮಾತು. ಕ್ಲಬ್ಬಿನವರು ಬ್ಯಾಂಡನ್ನೇ ಹೊರಗೆ ಹಾಕಿದರು. 1967ರ ಜನವರಿಯಲ್ಲಿ ಹಾಡು ರೆಕಾರ್ಡಿನಲ್ಲಿ ಬಂದಾಗ ಹನ್ನೊಂದು ನಿಮಿಷ ದಾಟಿತ್ತು.

ಈಡಿಪಸ್ ಅಲ್ಲಿಗೆ ಯಾಕೆ ಬಂದ? ಮನೋವಿಶ್ಲೇಷಣೆಯ ಫ್ರಾಯ್ಡ್‌ನನ್ನು ಓದಿದ್ದರಿಂದ ಅನ್ನೋದು ಸುಲಭದ ಉತ್ತರ, ಸುಳ್ಳೂ ಅಲ್ಲ. ನನಗೆ ಅನ್ನಿಸೋದು ಬೇರೆ. ಶ್ರುತಿ ಅವರ ಕಿವಿಗೆ ಹೇಗೆ ಕೇಳಿಸಿತು ಯೋಚಿಸಿ. ನಮಗೆ ತಂಬೂರಿ ಅಂದರೆ ದೇವರ ಮನೆ, ಬೆಳಗಿನ ರೇಡಿಯೋ, ದಾಸರ ಪದ. ಅದು ಶುರುವಾದರೆ ಮೈ ಸಡಿಲಾಗುತ್ತದೆ. ವಾಪಸ್ ಮನೆಗೆ ಬರುವ ಸಂಗೀತ ಕೇಳಿ ಬೆಳೆದವರಿಗೆ ಎಲ್ಲೂ ಹೋಗದ ಈ ಸ್ವರ ಹೆದರಿಕೆ ಹುಟ್ಟಿಸುತ್ತದೆ. ಏನೋ ಕಾದಿದೆ, ತಪ್ಪಿಸಿಕೊಳ್ಳೋಕೆ ಆಗಲ್ಲ ಅನ್ನಿಸುತ್ತದೆ. ಈಡಿಪಸ್‌ನ ಕಥೆಯೂ ಅದೇ ತಾನೆ. ತಂದೆಯನ್ನು ಕೊಂದು ತಾಯಿಯನ್ನು ಮದುವೆಯಾಗುತ್ತೀಯ ಅಂತ ದೇವವಾಣಿ ಹೇಳಿತು. ತನ್ನ ಅಪ್ಪ ಅಮ್ಮ ಅಂದುಕೊಂಡವರನ್ನು ಉಳಿಸಲು ಕೊರಿಂತ್ ಬಿಟ್ಟು ಓಡಿದ. ಮನೆ ಬಿಟ್ಟು ಓಡಿ ಬಂದು ಸೇರಿದ್ದು ತನ್ನ ಮನೆಗೇ.

ಹಾಗಾದರೆ ಮಾರಿಸನ್ ದುರಂತ ನಾಯಕನಾ? ಅಲ್ಲ ಅಂತ ನನ್ನ ಅಭಿಪ್ರಾಯ. ಇಲ್ಲಿ ಅರಿಸ್ಟಾಟಲ್‌ನನ್ನು ಸ್ವಲ್ಪ ಕರೆಯಬೇಕು. ಪರೀಕ್ಷೆಗೆ ಓದುವಾಗ ‘ಹಮಾರ್ತಿಯಾ’ ಅಂದರೆ ಸ್ವಭಾವದ ದೋಷ ಅಂತ ಬರೆಸಿಬಿಡುತ್ತಾರೆ. ಆ ಮಾತಿನ ಮೂಲ ಅರ್ಥ ಗುರಿ ತಪ್ಪುವುದು, ಬಿಟ್ಟ ಬಾಣ ಬೇರೆ ಕಡೆ ಹೋದ ಹಾಗೆ. ಕೆಟ್ಟವನಲ್ಲ, ತೀರಾ ಸಂತನೂ ಅಲ್ಲ, ತಿಳಿಯದೆ ಎಡವಿದವನು. ಎಡವಿದರಷ್ಟೇ ಸಾಲದು, ಅವನಿಗೆ ಅದು ಗೊತ್ತಾಗಬೇಕು. ಸ್ಥಿತಿ ತಲೆಕೆಳಗಾಗುವ ಗಳಿಗೆಯೂ ಅರಿವಾಗುವ ಗಳಿಗೆಯೂ ಒಂದೇ ಆದರೆ ಅದಕ್ಕಿಂತ ಚೆನ್ನಾದ ಕಟ್ಟುವಿಕೆ ಇಲ್ಲ ಅಂತ ಅರಿಸ್ಟಾಟಲ್ ಹೇಳೋದು, ಕೊಡುವ ಉದಾಹರಣೆ ನಿಮ್ಮ ನಾಟಕದ್ದೇ.

ಆ ದೃಶ್ಯ ಒಮ್ಮೆ ನಿಧಾನಕ್ಕೆ ನೋಡಿ. ಕೊರಿಂತ್‌ನಿಂದ ದೂತ ಬರುತ್ತಾನೆ. ತಂದಿರೋದು ಸಿಹಿಸುದ್ದಿ. ನಿಮ್ಮ ತಂದೆ ಪಾಲಿಬಸ್ ವಯಸ್ಸಾಗಿ ತೀರಿಕೊಂಡರು, ಇನ್ನು ನೀವೇ ರಾಜ. ಈಡಿಪಸ್‌ಗೆ ಹೋದ ಜೀವ ಬಂದ ಹಾಗಾಗುತ್ತದೆ, ತಂದೆಯನ್ನು ನಾನು ಕೊಲ್ಲಲಿಲ್ಲವಲ್ಲ. ಆದರೂ ತಾಯಿಯ ಭಯ ಹೋಗಿಲ್ಲ ಅನ್ನುತ್ತಾನೆ. ದೂತ ಒಳ್ಳೆಯವನು, ಸಮಾಧಾನ ಮಾಡಲು ಹೋಗುತ್ತಾನೆ. ಅಯ್ಯೋ ಅದಕ್ಯಾಕೆ ಹೆದರುತ್ತೀರಿ, ಅವರು ನಿಮ್ಮ ಹೆತ್ತವರೇ ಅಲ್ಲ, ಪಾದ ಚುಚ್ಚಿ ಕಟ್ಟಿದ್ದ ಕೂಸನ್ನು ಕುರಿ ಕಾಯುವವನೊಬ್ಬ ನನ್ನ ಕೈಗೆ ಕೊಟ್ಟ, ನಾನೇ ಅವರಿಗೆ ಕೊಟ್ಟದ್ದು. ಇಷ್ಟು ಮಾತು ಇಬ್ಬರು ಗಂಡಸರ ನಡುವೆ ನಡೆಯುವಾಗ ಈಡಿಪಸ್‌ನ ಹೆಂಡತಿ, ನಿಜಕ್ಕೆ ಅವನ ಹೆತ್ತ ತಾಯಿ, ಜೊಕಾಸ್ಟಾ ಪಕ್ಕದಲ್ಲೇ ನಿಂತಿದ್ದಾಳೆ, ಒಂದು ಮಾತಿಲ್ಲ. ಅವಳಿಗೆ ಅರ್ಥವಾಗಿಹೋಗಿದೆ. ಇನ್ನು ಕೇಳಬೇಡ, ನಿನ್ನ ದಮ್ಮಯ್ಯ ಅಂತ ಬೇಡಿಕೊಂಡು ಒಳಗೆ ಓಡುತ್ತಾಳೆ. ಅವನು ಕೇಳುತ್ತಾನೆ. ಕೇಳದೆ ಬಿಡುವ ದಾರಿ ಅವನಿಗೆ ಕೊನೆಯವರೆಗೂ ತೆರೆದೇ ಇತ್ತು. ಮುದುಕ ಕುರುಬನನ್ನು ಹೆದರಿಸಿ ಬಾಯಿ ಬಿಡಿಸುತ್ತಾನೆ. ನಾಯಕ ಆಗೋದು ಅಲ್ಲಿ.

ಮಾರಿಸನ್ ಸತ್ತದ್ದು 1971ರ ಜುಲೈ 3, ಪ್ಯಾರಿಸ್ಸಿನಲ್ಲಿ. ಸರಿಯಾಗಿ ಎರಡು ವರ್ಷದ ಹಿಂದೆ ಅದೇ ಜುಲೈ 3ರಂದು ಬ್ರಯನ್ ಜೋನ್ಸ್ ತನ್ನ ಮನೆಯ ಈಜುಕೊಳದಲ್ಲಿ ಹೆಣವಾಗಿ ಸಿಕ್ಕಿದ್ದ. ತಾನೇ ಕಟ್ಟಿದ ಬ್ಯಾಂಡಿನಿಂದ ಹೊರಬಿದ್ದು ಒಂದು ತಿಂಗಳೂ ಆಗಿರಲಿಲ್ಲ. ಇಬ್ಬರಿಗೂ 27 ವರ್ಷ. ಜೋನ್ಸ್ ಸತ್ತಾಗ ಮಾರಿಸನ್ ಅವನ ಮೇಲೆ ಒಂದು ಪದ್ಯವನ್ನೂ ಬರೆದಿದ್ದ. ಕೇಳಿದರೆ ಕರುಳು ಚುರ್ ಅನ್ನುತ್ತದೆ. ಆದರೆ ಎಳೆ ಪ್ರಾಯದ ಸಾವು ಬೇರೆ, ದುರಂತ ನಾಟಕ ಬೇರೆ. ಬೀಳೋದು ಕಾಣಿಸಿತು, ಕಣ್ಣು ತೆರೆಯುವ ಗಳಿಗೆ ನಮಗೆ ಕಾಣಿಸಲೇ ಇಲ್ಲ. ಪೋಸ್ಟರಿನ ಮೇಲಿನ ಸುಂದರ ಮುಖ ನೋಡಿ ನಾವೇ ಅವರಿಗೆ ಆ ವೇಷ ಹಾಕಿದ್ದು.

ಆ ಗುಂಪಿನಲ್ಲಿ ಅರಿವಿನ ಗಳಿಗೆ ಸಿಕ್ಕವನು ಯಾರು ಅಂದರೆ ಹ್ಯಾರಿಸನ್. 1968ರಲ್ಲಿ ಅವನಿಗೆ ಗೊತ್ತಾಯಿತು, ನಾನು ದೊಡ್ಡ ಸಿತಾರ್ ವಾದಕ ಆಗಲಾರೆ, ಅದಕ್ಕೆ ಹದಿನೈದು ವರ್ಷ ಮೊದಲೇ ಕೂರಬೇಕಿತ್ತು ಅಂತ. ಸಿತಾರ್ ಕೆಳಗಿಟ್ಟ, ಗಿಟಾರಿಗೆ ವಾಪಸ್ ಬಂದ. ಆಮೇಲಿನ ಅವನ ಸ್ಲೈಡ್ ಗಿಟಾರ್ ಕೇಳಿ, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ರೀತಿ ಪಕ್ಕಾ ಮೀಂಡ್. ಅವನು ಬೀಳಲಿಲ್ಲ ನೋಡಿ, ಅದಕ್ಕೇ ಅವನನ್ನು ಯಾರೂ ದುರಂತ ನಾಯಕ ಅನ್ನೋದಿಲ್ಲ!

ನಿಮ್ಮ ತಂಡದವರಿಗೆ ನಮ್ಮದೇ ಉದಾಹರಣೆ ಬೇಕಿದ್ದರೆ ರನ್ನನ ದುರ್ಯೋಧನ ಇದ್ದಾನೆ. ಸಂಸ್ಕೃತ ನಾಟಕದಲ್ಲಿ ನಾಯಕ ರಂಗದ ಮೇಲೆ ಸಾಯೋದು ಅಪರೂಪ, ಭಾಸನದು ಅಂತ ಹೇಳುವ ‘ಊರುಭಂಗ’ ಬಿಟ್ಟರೆ ಬೇರೆ ಹೆಸರು ನೆನಪಾಗೋದು ಕಷ್ಟ. ರನ್ನನ ದುರ್ಯೋಧನ ಮಾತ್ರ ರಣರಂಗದಲ್ಲಿ ದ್ರೋಣ, ಕರ್ಣ, ದುಶ್ಶಾಸನರ ಹೆಣಗಳ ನಡುವೆ ನಡೆದು ಹೋಗುವಾಗ ಓದುವವರು ತಮಗೆ ಗೊತ್ತಿಲ್ಲದೆ ಅವನ ಪಕ್ಷಕ್ಕೆ ಹೋಗಿರುತ್ತಾರೆ. ಗ್ರೀಕರನ್ನು ಓದಿಕೊಂಡಿದ್ದ ಬಿ.ಎಂ.ಶ್ರೀಯವರು ಇದನ್ನು ಹಿಡಿದು ‘ಗದಾಯುದ್ಧ ನಾಟಕ’ ಮಾಡಿದರು. ಆಮೇಲೆ 1929ರಲ್ಲಿ ಸೋಫೋಕ್ಲಿಸ್‌ನ ‘ಏಜಾಕ್ಸ್’ ಆಧರಿಸಿ ‘ಅಶ್ವತ್ಥಾಮನ್’ ಬರೆದರು. ಚಿರಂಜೀವಿಯನ್ನೇ ಸಾಯಿಸಿಬಿಟ್ಟರಲ್ಲ ಅಂತ ಕೇಳಿದವರೂ ಇದ್ದರು. ರನ್ನನ ಮುಧೋಳ, ಅಂಗಡಿಯವರ ಜಕನೂರು ಎರಡೂ ಈಗ ಬಾಗಲಕೋಟೆ ಜಿಲ್ಲೆಯಲ್ಲೇ ಇವೆ. ಇದರಲ್ಲಿ ಅರ್ಥ ಹುಡುಕಬೇಡಿ, ನನಗೆ ಖುಷಿ ಕೊಡುವ ವಿಷಯ ಅಂತ ಹೇಳಿದೆ ಅಷ್ಟೆ.

ಈಗ ನಿಮ್ಮ ನಾಟಕ. ಲಂಕೇಶರ ಕನ್ನಡ ಅನುವಾದ ಸಿಕ್ಕಿದರೆ ಅದನ್ನೇ ಹಿಡಿಯಿರಿ, ಬಾಯಲ್ಲಿ ಚೆನ್ನಾಗಿ ಕೂರುತ್ತದೆ. ಸಿತಾರ್ ಯಾಕೆ ಬೇಡ ಅಂದರೆ, ನಾನೇ ಒಂದು ಸಲ ಈ ತಪ್ಪು ಮಾಡಿದ್ದೇನೆ. ಒಂದು ಅನುವಾದಿತ ನಾಟಕಕ್ಕೆ ಗಂಭೀರವಾಗಿರಲಿ ಅಂತ ಸಿತಾರ್ ಹಾಕಿಸಿದ್ದೆ. ನಾಟಕ ಮುಗಿದ ಮೇಲೆ ಪರಿಚಯದವರೊಬ್ಬರು, “ಆ ಊಟದ ಸೀನ್ ಹೋಟೆಲ್ಲಿನದಾ?” ಅಂದರು. ಸಿತಾರ್ ಬಂದ ಕೂಡಲೇ ಜನ ಅದನ್ನೇ ಕೇಳುತ್ತಾರೆ, ಮಾತು ಹಿಂದೆ ಬೀಳುತ್ತದೆ.

ತಂಬೂರಿಯನ್ನು ಜನ ಬರುತ್ತಿರುವಾಗಲೇ ಶುರುಮಾಡಿ, ಕೇಳಿಯೂ ಕೇಳಿಸದಷ್ಟು ಸಣ್ಣಗೆ. ಹತ್ತು ನಿಮಿಷದಲ್ಲಿ ಅವರಿಗೆ ಅದು ಮರೆತುಹೋಗಿರುತ್ತದೆ. ಹಾಗೇ ನಡೆಯಲಿ, ಗಲಾಟೆಯ ದೃಶ್ಯಕ್ಕೆ ಜೋರು, ದುಃಖಕ್ಕೆ ಮೆಲ್ಲಗೆ ಅಂತ ಆಟ ಆಡಬೇಡಿ. ದೂತ ಪಾದ ಚುಚ್ಚಿದ ಕೂಸಿನ ಮಾತು ಎತ್ತುತ್ತಾನಲ್ಲ, ಜೊಕಾಸ್ಟಾಗೆ ಅರ್ಥವಾಗುವ ಆ ಗಳಿಗೆಯಲ್ಲಿ ನಿಲ್ಲಿಸಿಬಿಡಿ, ಮತ್ತೆ ಹಾಕಬೇಡಿ. ಅಷ್ಟು ಹೊತ್ತು ತಂಬೂರಿ ಇತ್ತು ಅಂತ ಜನಕ್ಕೆ ಗೊತ್ತಾಗೋದೇ ಆಗ. ಈಡಿಪಸ್ ಇನ್ನೂ ಪ್ರಶ್ನೆ ಕೇಳುತ್ತಲೇ ಇರುತ್ತಾನೆ. ಎಲೆಕ್ಟ್ರಾನಿಕ್ ತಂಬೂರಿ ಬಳಸುವುದಾದರೆ ಸ್ವಿಚ್ಚಿನ ‘ಟಕ್’ ಮೈಕಿಗೆ ಹೋಗದ ಹಾಗೆ ದೂರ ಇಡಿ. ನಿಜವಾದ ತಂಬೂರಿ, ಹಿಡಿಯೋಕೆ ಒಬ್ಬರು ಸಿಕ್ಕರೆ ಇನ್ನೂ ಒಳ್ಳೆಯದು. ಅಂಗೈ ತಂತಿಯ ಮೇಲೆ ಇಟ್ಟರಾಯಿತು, ನಿಲ್ಲುತ್ತದೆ.